ಕಮಾನಿನ ಮೇಲಿನ ಹೊರೆ



1997ರ ಸೆಪ್ಟೆಂಬರ್ 26ರಂದು ಇಟಲಿಯ ಅಸ್ಸಿಸಿಯಲ್ಲಿ ಭೂಮಿ ಎರಡು ಬಾರಿ ನಡುಗಿತು. ಸಂತ ಫ್ರಾನ್ಸಿಸರ ಮಹಾದೇವಾಲಯದ ಕಮಾನು ಚಾವಣಿ ಕುಸಿದು, ಮೊದಲ ಕಂಪನದ ಹಾನಿಯನ್ನು ಪರಿಶೀಲಿಸುತ್ತಿದ್ದ ನಾಲ್ವರು ಅಸುನೀಗಿದರು.

ಕಾರಣ ಭೂಕಂಪವೊಂದೇ ಅಲ್ಲ. ಶತಮಾನಗಳಿಂದ ಮಾಡು ದುರಸ್ತಿ ಮಾಡಿದಾಗಲೆಲ್ಲ ಒಡೆದ ಹೆಂಚು, ಕಲ್ಲುಮಣ್ಣನ್ನು ಕಮಾನಿನ ಮೇಲೆಯೇ ಬಿಟ್ಟಿದ್ದರು. ಕೆಳಗೆ ನಿಂತವರಿಗೆ ಕಂಡದ್ದು ಸುಂದರ ಚಿತ್ರಗಳು ಮಾತ್ರ. ಮೇಲಿನ ಹೊರೆ ಕಾಣಲಿಲ್ಲ.

ದುರಸ್ತಿಗೆ ಬಂದವರು ಮೊದಲು ಆ ಹೊರೆಯನ್ನು ಇಳಿಸಿದರು. ಬಳಿಕ ಮರದ ತಿರುಳಿಗೆ ಗಟ್ಟಿ ನಾರು ಹೊದಿಸಿದ ಪಕ್ಕೆಲುಬುಗಳನ್ನು ಕಮಾನಿನ ಬೆನ್ನಿಗೆ ಕೊಟ್ಟರು. ಪುಡಿಯಾದ ಚಿತ್ರಗಳ ಚೂರುಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದರು. 1999ರ ನವೆಂಬರಿನಲ್ಲಿ ದೇವಾಲಯ ಮತ್ತೆ ತೆರೆಯಿತು. ಸಿಗದ ಚೂರುಗಳ ಜಾಗ ಇಂದಿಗೂ ಖಾಲಿಯಾಗಿಯೇ ಇದೆ.

ನಮ್ಮ ಕುಟುಂಬಗಳೂ ಹೀಗಲ್ಲವೇ? ಜಗಳವಾದಾಗಲೆಲ್ಲ ಮೇಲೆ ಮೇಲೆ ತೇಪೆ ಹಾಕುತ್ತೇವೆ. ಕಹಿಯನ್ನು ಒಳಗೇ ಬಿಡುತ್ತೇವೆ. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಒಂದು ದಿನ ಸಣ್ಣ ಅದುರಿಗೇ ಮನೆ ಮುರಿಯುತ್ತದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಸೋದರನೊಡನೆ ಸಮಾಧಾನ ಮಾಡಿಕೊಳ್ಳಲು ಯೇಸುಸ್ವಾಮಿ ಹೇಳಿದ್ದು ಇದಕ್ಕೇ.

ಇಂದು ಸಂಜೆ ಜಪಸರ ಕೈಗೆತ್ತಿಕೊಳ್ಳುವ ಮುನ್ನ, ನೀವು ಮಾತು ಬಿಟ್ಟಿರುವ ಒಬ್ಬರ ಬಳಿಗೆ ಹೋಗಿ. ಹಳೆಯ ಗುರುತು ಉಳಿದರೆ ಉಳಿಯಲಿ, ಹೊರೆ ಇಳಿಯಲಿ.