ತೇರೋ ಶಾಸನವೋ?

ವೇದಾವತಿಯ ತೀರದ ಹಿರಿಯೂರಿನಲ್ಲಿ ತೇರುಮಲ್ಲೇಶ್ವರಸ್ವಾಮಿಯ ರಥೋತ್ಸವವು ಪ್ರಸಿದ್ಧವಾದುದು. ಊರಿನ ದೇವರ ಹೆಸರಿನಲ್ಲಿಯೇ ತೇರು ಸೇರಿಕೊಂಡಿರುವುದು ಅಪರೂಪವಷ್ಟೆ. ಯಾವ ಊರಿನಲ್ಲಿಯೇ ಆಗಲಿ, ಉತ್ಸವವು ಸಮೀಪಿಸಿತೆಂದರೆ ಬಡಗಿಯೂ ಕಮ್ಮಾರನೂ ತೇರಿನ ಬಳಿಗೆ ಬರುತ್ತಾರೆ. ಅಚ್ಚನ್ನು ತಟ್ಟಿ ನೋಡುತ್ತಾರೆ. ಗಾಲಿಯಲ್ಲಿ ಬಿರುಕು ಕಂಡರೆ ಗಾಲಿಯನ್ನೂ, ಕಡೆಗೀಲು ಸವೆದಿದ್ದರೆ ಕಡೆಗೀಲನ್ನೂ ಬದಲಾಯಿಸುತ್ತಾರೆ. ಹೀಗೆ ನೂರಾರು ವರ್ಷ ಬದಲಾಯಿಸುತ್ತ ಬಂದ ತೇರಿನಲ್ಲಿ ಮೊದಲಿನ ಮರ ಒಂದು ತುಂಡಾದರೂ ಉಳಿದಿದೆಯೋ ಇಲ್ಲವೋ ಎಂದು ಹಗ್ಗ ಹಿಡಿದ ಭಕ್ತನು ವಿಚಾರಿಸುವುದಿಲ್ಲ. ಅವನ ತಾತನು ಎಳೆದ ತೇರನ್ನೇ ಅವನೂ ಎಳೆಯುತ್ತಾನೆ.

ಇನ್ನೊಂದು ವಸ್ತುವನ್ನು ನೋಡಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವು ಬಂಡೆಯ ಮೇಲಿದೆ. ಕೆರೆಯೊಂದರ ವಿಷಯವನ್ನು ಹೇಳುವ ಆ ಅಕ್ಷರಗಳು ಮಳೆ ಬಿಸಿಲುಗಳಿಗೆ ಸವೆದಿವೆ. ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಒಂದು ರೀತಿಯಲ್ಲಿ ಓದಿದರು. ಅನಂತರ ಬಂದ ವಿದ್ವಾಂಸರು ಕೆಲವೆಡೆ ಬೇರೆ ರೀತಿಯಲ್ಲಿ ಓದಿದರು. ಮೊದಲನೆಯ ಪಾಠವು ಪ್ರಕಟವಾದ ಮರುದಿನವೇ ಯಾರಾದರೊಬ್ಬ ಭಕ್ತಿಶಾಲಿಯು ಉಳಿ ಹಿಡಿದು, ಸವೆದ ಅಕ್ಷರಗಳನ್ನೆಲ್ಲ ಆ ಪಾಠದಂತೆ ಆಳವಾಗಿ ಕೊರೆದು ಸ್ಫುಟಗೊಳಿಸಿದ್ದರೆ ಗತಿಯೇನಾಗುತ್ತಿತ್ತು? ಎರಡನೆಯ ಪಾಠಕ್ಕೆ ಎಂದೆಂದಿಗೂ ಅವಕಾಶವಿರುತ್ತಿರಲಿಲ್ಲ. ವಿಚಿತ್ರವೇನೆಂದರೆ, ಕೆರೆಯ ಹೂಳನ್ನು ತೆಗೆದು ಏರಿಯನ್ನು ಕಟ್ಟಿದವನು ಪುಣ್ಯವಂತ. ಅದೇ ಕೆರೆಯನ್ನು ಹೇಳುವ ಶಾಸನವನ್ನು 'ದುರಸ್ತಿ' ಮಾಡಿದವನು ಅಪರಾಧಿ.

ಈ ಎರಡರ ನಡುವೆ ನಿಂತ ಒಂದು ಪ್ರಶ್ನೆಯು ಮೋಟಾರು ಗಾಡಿಗಳ ಲೋಕದಲ್ಲಿ ಎದ್ದಿದೆ. ಗೃಹಸ್ಥರಿಗೆ ಇದು ದೂರದ ವಿಷಯವೆಂದು ತೋರಬಹುದು. ಹಳೆಯ ಪಂದ್ಯದ ಗಾಡಿಗಳನ್ನು ಕೆಲವರು ಸಂಗ್ರಹಿಸಿ, ತಮ್ಮ ಕೈಯಿಂದಲೇ ಸಿದ್ಧಗೊಳಿಸಿ, ಹಣದ ಆಸೆಯಿಲ್ಲದೆ, ಕೇವಲ ಸಂತೋಷಕ್ಕಾಗಿ ಓಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಇಂತಹ ಹವ್ಯಾಸಿಗಳು 1934ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡು, 1930ರ ಕೊನೆಯೊಳಗೆ ತಯಾರಾದ ಗಾಡಿಗಳಿಗೆ ವಿಶೇಷ ಗೌರವವನ್ನು ಕೊಟ್ಟರು. ಇಂದಿಗೂ ಆ ಗಾಡಿಗಳು ಪಂದ್ಯಗಳಲ್ಲಿ ಓಡುತ್ತವೆ. ನಮ್ಮ ಕಡೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಶೋಳವರಂ ವಿಮಾನಪಟ್ಟಿಯ ಮೇಲೆ, ಮದರಾಸಿಗೆ ಅನತಿದೂರದಲ್ಲಿ, ದಶಕಗಳ ಕಾಲ ಪಂದ್ಯಗಳು ನಡೆದುವು. ಬೆಂಗಳೂರಿನ ಹವ್ಯಾಸಿಗಳೂ ಅಲ್ಲಿಗೆ ಹೋಗುತ್ತಿದ್ದರು. ವಿದೇಶದ ಗಾಡಿಗಳನ್ನು ತರಿಸಿಕೊಳ್ಳುವುದು ಸುಲಭವಲ್ಲದ ಕಾಲವದು. ಮನೆಮಂದಿಯೆಲ್ಲ ಕುಳಿತು ಮದುವೆಗೆ ಹೋಗುತ್ತಿದ್ದ ಫಿಯಟ್ಟನ್ನೋ ಹೆರಾಲ್ಡನ್ನೋ ಬಿಚ್ಚಿ, ಭಾರವನ್ನು ಕಡಿಮೆ ಮಾಡಿ, ಯಂತ್ರವನ್ನು ತಿದ್ದಿ ಓಡಿಸಿದವರೇ ಹೆಚ್ಚು.

ಹಳೆಯ ಗಾಡಿಯನ್ನು ಪಂದ್ಯಕ್ಕೆ ಸಿದ್ಧಪಡಿಸುವುದೆಂದರೆ ಮೈಯುಜ್ಜಿ ಹೊಳಪು ಕೊಡುವುದಲ್ಲ. ಆ ಕಾಲದ ಯಂತ್ರಗಳಲ್ಲಿ ದಂಡವು ತಿರುಗುವ ಬೇರಿಂಗುಗಳಿಗೆ ತವರ ಬೆರೆತ ಮೃದುವಾದ ಬಿಳಿಯ ಲೋಹವನ್ನು ಕರಗಿಸಿ ಹುಯ್ದು, ಆರಿದ ಮೇಲೆ ಕೈಯಿಂದ ಕೆರೆದು ಕೆರೆದು ದಂಡಕ್ಕೆ ಹೊಂದಿಸಬೇಕು. ಈ ಕೆಲಸವನ್ನು ಬಲ್ಲವರು ಈಗ ವಿರಳ. ಪಂದ್ಯದ ಒತ್ತಡಕ್ಕೆ ಆ ಲೋಹವು ಬೇಗ ಕೆಡುತ್ತದೆ. ಚುಕ್ಕಾಣಿಯ ತೋಳಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ತಿಳಿಯಲು ಹಳೆಯ ಮೇಸ್ತ್ರಿಗಳಿಗೆ ಒಂದು ಉಪಾಯವುಂಟು: ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಸವರಿ ಕಾಯುವುದು. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆಯು ಒಸರಿ, ಬಿಳುಪಿನ ಮೇಲೆ ಕೂದಲೆಳೆಯಂತಹ ಗೆರೆಯೊಂದು ಮೂಡುತ್ತದೆ. ಇಷ್ಟು ಸಾಲದೆಂಬಂತೆ ಇಂಧನವೂ ಬದಲಾಗಿದೆ. 2023ರಿಂದ ನಮ್ಮ ದೇಶದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. ಹಳೆಯ ರಬ್ಬರಿನ ಕೊಳವೆಗಳಿಗೆ ಅದು ಒಗ್ಗುವುದಿಲ್ಲ, ಅವನ್ನೂ ಬದಲಾಯಿಸಲೇಬೇಕು.

ಹೀಗೆ ಒಂದೊಂದಾಗಿ ಬದಲಾಯಿಸುತ್ತ ಹೋದರೆ, ಕಡೆಗೆ ಓಡುವುದು ಯಾವ ಗಾಡಿ?

ಈ ಪ್ರಶ್ನೆಯು ತಾರ್ಕಿಕರ ಜಗಲಿಯಲ್ಲಿ ಮಾತ್ರ ಹುಟ್ಟಿದುದಲ್ಲ. ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೂ ಹೋಯಿತು. 1929 ಮತ್ತು 1930ರಲ್ಲಿ, ಎರಡು ವರ್ಷವೂ, ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಒಂದೇ ಬೆಂಟ್ಲಿ ಗಾಡಿಯು ಗೆದ್ದಿತು. ಅದಕ್ಕೆ 'ಓಲ್ಡ್ ನಂಬರ್ ಒನ್' ಎಂದು ಹೆಸರಾಯಿತು. ಬಳಿಕ ಅದರ ಚೌಕಟ್ಟು ಬದಲಾಯಿತು, ದೊಡ್ಡ ಯಂತ್ರವು ಬಂದಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನ ಪಂದ್ಯದಲ್ಲಿ ಅದು ಅಂಚಿನಿಂದ ಹಾರಿಬಿದ್ದು, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಎಂಬವನು ಮೃತನಾದನು. ಗಾಡಿಯನ್ನು ಮತ್ತೆ ಕಟ್ಟಿದರು. ಹಲವು ದಶಕಗಳ ಮೇಲೆ ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಗಾಡಿಯೇ ಅಲ್ಲವೆಂದು ಹಿಂಜರಿದರು. 1990ರಲ್ಲಿ ನ್ಯಾಯಾಧೀಶ ಆಟನ್ ಅವರು, 1929ರ ಗಾಡಿಯ ಅಂಗಗಳೆಂದು ಹೇಳಬಹುದಾದುವು ಇದರಲ್ಲಿ ಇಲ್ಲವೆಂಬಷ್ಟು ಕಡಿಮೆಯಾಗಿದ್ದರೂ, ಅಡಿಗಡಿಗೂ ಕಡಿಯದೆ ಬಂದ ಚರಿತ್ರೆಯುಳ್ಳ ಗಾಡಿಯು ಇದೊಂದೇ ಆದುದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪು ಕೊಟ್ಟರು.

ಈ ತೀರ್ಪನ್ನು ನಮ್ಮ ನೈಯಾಯಿಕರ ಮುಂದೆ ಇಟ್ಟಿದ್ದರೆ ಒಪ್ಪುತ್ತಿರಲಿಲ್ಲ. ಅವರ ಮತದಲ್ಲಿ ಅವಯವಗಳಿಗಿಂತ ಬೇರೆಯಾದ ಅವಯವಿಯೊಂದುಂಟು. ಆದರೆ ಒಂದು ಅವಯವವು ಹೋಯಿತೆಂದರೆ ಆ ಅವಯವಿಯು ನಾಶವಾಗಿ ಬೇರೊಂದು ಹುಟ್ಟುತ್ತದೆ. ಬಟ್ಟೆಯ ಅಂಚು ಹರಿದರೆ ಉಳಿದುದು ಹೊಸ ಖಂಡಪಟ. 'ಇದು ಅದೇ' ಎಂಬ ಪ್ರತ್ಯಭಿಜ್ಞೆಯು ದೀಪದ ಜ್ವಾಲೆಯಲ್ಲಿ ಹುಟ್ಟುವಂತೆ ಸಾದೃಶ್ಯದಿಂದ ಹುಟ್ಟಿದ ಭ್ರಮೆ. ಬೌದ್ಧರಾದರೋ ಇನ್ನೂ ಮುಂದೆ ಹೋಗುತ್ತಾರೆ. ಮಿಲಿಂದರಾಜನು ರಥವನ್ನೇರಿ ಬಂದಾಗ ನಾಗಸೇನ ಭಿಕ್ಷುವು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಕೇಳುತ್ತ ಹೋಗಿ, ಕಡೆಗೆ ರಥವೆಂಬುದು ಬರಿಯ ವ್ಯವಹಾರದ ಹೆಸರೆಂದು ರಾಜನ ಬಾಯಿಂದಲೇ ಹೇಳಿಸಿದ ಕಥೆಯು ಪ್ರಸಿದ್ಧವಾಗಿದೆ. ಕೋಟಿ ಪೌಂಡು ಕೊಡಲಿದ್ದವರಿಗೆ ಭಿಕ್ಷುವಿನ ಮಾತು ಅಷ್ಟೇನೂ ಹಿತವಾಗುತ್ತಿರಲಿಲ್ಲ.

ಆದರೆ ಆಗಮಶಾಸ್ತ್ರವು ಮೂರನೆಯ ದಾರಿಯನ್ನು ಹಿಡಿಯುತ್ತದೆ. ಜೀರ್ಣೋದ್ಧಾರದ ವಿಧಿಯಲ್ಲಿ ಜೀರ್ಣವಾದ ಬಿಂಬದಿಂದ ಶಕ್ತಿಯನ್ನು ಕಲಶಕ್ಕೆ ತಂದು, ಕೆಲಸವು ಮುಗಿದ ಬಳಿಕ ಮರಳಿ ಪ್ರತಿಷ್ಠೆ ಮಾಡುತ್ತಾರೆ. ಪುರಿಯ ಜಗನ್ನಾಥನ ದಾರುಮೂರ್ತಿಗಳನ್ನೇ ನವಕಳೇಬರದಲ್ಲಿ ಬದಲಾಯಿಸುತ್ತಾರೆ. 1996ರಲ್ಲಿ ನಡೆದ ಬಳಿಕ 2015ರಲ್ಲಿ ಅದು ನಡೆಯಿತು. ಮರವು ಬೇರೆ, ದೇವರು ಅವನೇ. ಇದರಲ್ಲಿ ಗಮನಿಸತಕ್ಕ ಅಂಶವು ಒಂದುಂಟು. ಬದಲಾವಣೆಯನ್ನು ಯಾರೂ ಬಚ್ಚಿಡುವುದಿಲ್ಲ. ಯಾವ ವರ್ಷ, ಯಾವ ಮರದಿಂದ, ಯಾರ ಕೈಯಿಂದ ಎಂಬುದೆಲ್ಲ ಲೋಕಕ್ಕೆ ತಿಳಿದ ಸಂಗತಿ. ಗುಟ್ಟಾಗಿರುವುದು ಶಕ್ತಿಯನ್ನು ಸಾಗಿಸುವ ಕ್ರಿಯೆ ಮಾತ್ರ, ಸಾಗಿಸಿದುದೆಂಬ ಸತ್ಯವಲ್ಲ.

ಹಳೆಯ ಗಾಡಿಯ ಧರ್ಮವು ಇಲ್ಲಿಂದ ಸ್ವಲ್ಪ ಸ್ಪಷ್ಟವಾಗುತ್ತದೆ. ಯಂತ್ರದ ಒಳಗೆ ಬಿಳಿಯ ಲೋಹದ ಬದಲು ಹೊಸ ಬಗೆಯ ಬೇರಿಂಗನ್ನು ಹಾಕಿದರೆ ಹೊರಗೆ ಯಾರಿಗೂ ಕಾಣದು. ಅದರಿಂದ ಯಂತ್ರವು ಹೆಚ್ಚು ವೇಗವನ್ನು ತಾಳುತ್ತದೆ. ಪಕ್ಕದಲ್ಲಿ ಓಡುವವನು ಹಳೆಯ ಕ್ರಮಕ್ಕೆ ಅಂಟಿಕೊಂಡು ಬೇರಿಂಗು ಸುಟ್ಟೀತೆಂದು ಕಾಲನ್ನು ಸಡಿಲಿಸುತ್ತಿರುವಾಗ, ಇವನು ಹಳೆಯ ಗಾಡಿಯ ಹೆಸರಿನಲ್ಲಿ ಹೊಸ ಬಲದಿಂದ ಮುಂದೆ ಹೋಗುತ್ತಾನೆ. ಗೆಲವಿಗೆ ಬಹುಮಾನವು ಒಂದು ಬಟ್ಟಲು, ಅದೂ ಬೆಳ್ಳಿಯದಾಗಿರಲಾರದು. ಅಷ್ಟಕ್ಕಾಗಿ ಸುಳ್ಳೇ ಎಂದು ಕೇಳಬಹುದು. ಹಣಕ್ಕಾಗಿ ಹೇಳಿದ ಸುಳ್ಳಿಗೆ ಹಸಿವೆಂಬ ನೆಪವಾದರೂ ಉಂಟು. ಹವ್ಯಾಸಿಗೆ ಆ ನೆಪವೂ ಇಲ್ಲ. ಅವನು ಮೋಸಗೊಳಿಸುವುದು ಸ್ನೇಹಿತರನ್ನು, ಅದೂ ಸಂತೋಷಕ್ಕಾಗಿ ಕೂಡಿದವರನ್ನು.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಅದು ಹೆಚ್ಚು ಅಪಾಯಕರವೆಂದೇ ಹೇಳಬೇಕು. ಸೀಮೆಸುಣ್ಣದ ಮೇಲೆ ಗೆರೆ ಮೂಡಿತು. ತೋಳು ಕಾರ್ಖಾನೆಯಿಂದ ಬಂದುದೇ. ಅದರ ಮೇಲೆ ಅಂದಿನ ಸಂಖ್ಯೆಯ ಮುದ್ರೆಯಿದೆ. ಅದನ್ನು ತೆಗೆದರೆ ಗಾಡಿಯ ಬೆಲೆಯು ಇಳಿಯುತ್ತದೆ, ಯಜಮಾನನ ಗರ್ವವೂ ಇಳಿಯುತ್ತದೆ. ಇನ್ನೊಂದು ಪಂದ್ಯವನ್ನು ತಾಳೀತು ಎಂದು ಅವನ ಮನಸ್ಸು ಹೇಳುತ್ತದೆ. ತಾಳದಿದ್ದರೆ ಸಾಯುವವನು ಅವನೊಬ್ಬನೇ ಎಂಬ ನಿಶ್ಚಯವಿಲ್ಲ. ತೇರಿನ ಬಡಗಿಗೆ ಈ ಮೋಹವಿಲ್ಲ. ಗಾಲಿಯ ಬಿರುಕನ್ನು ಕಂಡು 'ಇದು ಪಾಳೆಯಗಾರರ ಕಾಲದ್ದು, ಇರಲಿ' ಎಂದರೆ ಊರು ಅವನನ್ನು ಬಿಟ್ಟೀತೆ? ಸಾವಿರ ಜನ ಹಗ್ಗ ಹಿಡಿದಿರುತ್ತಾರೆ. ಬೆಣೆ ಹಿಡಿದವರು ಗಾಲಿಯ ಪಕ್ಕದಲ್ಲಿಯೇ ನಡೆಯುತ್ತಿರುತ್ತಾರೆ. ಓಡುವ ವಸ್ತುವಿನಲ್ಲಿ ಪ್ರಾಣಕ್ಕಿಂತ ಪ್ರಾಚೀನತೆ ದೊಡ್ಡದಲ್ಲ. ಹಾಗಾದರೆ ಪ್ರಾಚೀನತೆಯೇ ಮುಖ್ಯವೆನ್ನುವವನು ಏನು ಮಾಡಬೇಕು? ಓಡಿಸಬಾರದು, ಅಷ್ಟೆ. ಧರ್ಮಸ್ಥಳದ ಸಂಗ್ರಹದಲ್ಲಿರುವ ಹಳೆಯ ಗಾಡಿಗಳಂತೆ ನೆರಳಿನಲ್ಲಿ ನಿಲ್ಲಿಸಿ, ಮಕ್ಕಳು ಬಂದು ನೋಡುವಂತೆ ಮಾಡಬಹುದು.

ನಿಲ್ಲಿಸುವುದು ಕೊಂದಂತೆಯೇ ಎಂದು ಪಂದ್ಯಪ್ರಿಯರು ವಾದಿಸುತ್ತಾರೆ: ಓಡುವುದಕ್ಕಾಗಿ ಹುಟ್ಟಿದುದನ್ನು ಗೊಂಬೆಮಾಡಿದರೆ ಅದರ ಸ್ವರೂಪವೇ ಹೋಯಿತು. ಮಾತಿನಲ್ಲಿ ಹುರುಳಿದೆ. ಬಾರಿಸದ ವೀಣೆಯು ಮರವೇ. ಆದರೆ ಎಲ್ಲ ಗಾಡಿಗಳಿಗೂ ಈ ವಾದವು ಸಲ್ಲದು. ಎಲ್ಲಿಯೋ ಒಂದು ಕೊಟ್ಟಿಗೆಯಲ್ಲಿ, ಯಾರೂ ಮುಟ್ಟದೆ, ಕಾರ್ಖಾನೆಯವರು ಬಳಿದ ಬಣ್ಣವೂ ಹೊಲಿದ ತೊಗಲೂ ಹಾಗೆಯೇ ಉಳಿದ ಗಾಡಿಯೊಂದು ದೊರೆತರೆ, ಅದು ಶಾಸನ. ಅದರ ತುಕ್ಕೂ ಒಂದು ಅಕ್ಷರ. ಅಂದಿನವರು ಹೇಗೆ ಬೆಸೆದರು, ಎಷ್ಟು ತೆಳುವಾಗಿ ಬಣ್ಣವನ್ನು ಬಳಿದರು ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಅದನ್ನು ಬಿಚ್ಚಿ ಪಂದ್ಯಕ್ಕೆ ಇಳಿಸುವವನು ಚಂದ್ರವಳ್ಳಿಯ ಬಂಡೆಗೆ ಉಳಿಯನ್ನು ಇಟ್ಟಂತೆಯೇ. ಐದಾರು ಬಾರಿ ಕಟ್ಟಿ ಬಿಚ್ಚಿ ಮೈಯೆಲ್ಲ ತೇಪೆಯಾದ ಗಾಡಿಯಾದರೋ ತೇರು. ಅದು ಓಡಲಿ, ಮುರಿಯಲಿ, ಮತ್ತೆ ಕಟ್ಟಲ್ಪಡಲಿ.

ರಾಜಶಾಸನವು ಈ ಭೇದವನ್ನು ಅರ್ಧ ಮಾತ್ರ ಕಂಡಿದೆ. 2021ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷಗಳನ್ನು ಮೀರಿದ ಗಾಡಿಯು ಮೂಲರೂಪದಲ್ಲಿದ್ದು, ಚೌಕಟ್ಟಿನಲ್ಲಿಯೂ ಮೈಕಟ್ಟಿನಲ್ಲಿಯೂ ಯಂತ್ರದಲ್ಲಿಯೂ ವಿಶೇಷ ಮಾರ್ಪಾಡನ್ನು ಹೊಂದಿಲ್ಲದಿದ್ದರೆ 'ವಿಂಟೇಜ್' ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಣಿಗೆ 20,000 ರೂಪಾಯಿ. ಸಂಖ್ಯೆಯ ಫಲಕದಲ್ಲಿ ವಿಎ ಎಂಬ ಗುರುತು. ಅದು ಪ್ರದರ್ಶನಕ್ಕೆ, ಹಳೆಯ ಗಾಡಿಗಳ ಮೆರವಣಿಗೆಗೆ, ಇಂಧನ ತುಂಬಿಸುವುದಕ್ಕೆ, ದುರಸ್ತಿಗೆ ಹೊರಡಬಹುದು. ನಿತ್ಯದ ಓಡಾಟಕ್ಕೆ ಹೊರಡುವಂತಿಲ್ಲ. ಉದ್ದೇಶವು ಒಳ್ಳೆಯದೇ. ಆದರೆ ಶೋಳವರದಲ್ಲಿ ಓಡಿದ ಫಿಯಟ್ ಒಂದಕ್ಕೆ ಮೂಲರೂಪವೆಂದರೆ ಯಾವುದು? ಕಾರ್ಖಾನೆಯಿಂದ ಹೊರಟ ದಿನದ್ದೇ, ಹಿಂದಿನ ಆಸನವನ್ನು ಕಿತ್ತು ಪಂದ್ಯದ ಗೆರೆಯ ಮೇಲೆ ನಿಂತ ದಿನದ್ದೇ? ಅದರಲ್ಲಿ ಉಳಿಸತಕ್ಕ ಚರಿತ್ರೆಯಿದ್ದರೆ ಅದು ಆ ಮಾರ್ಪಾಡಿನಲ್ಲಿಯೇ ಇದೆ. ನಿಯಮಕ್ಕೆ ಒಪ್ಪಿಸುವುದಕ್ಕಾಗಿ ಹೊಸ ಆಸನವನ್ನು ತಂದು ಕೂರಿಸಿ, ಕೊರೆದ ರಂಧ್ರಗಳನ್ನು ಮುಚ್ಚಿ, 'ಮೂಲರೂಪ'ಕ್ಕೆ ತಂದರೆ, ನಿಜವಾಗಿ ನಡೆದುದನ್ನು ಅಳಿಸಿ ಎಂದೂ ಇಲ್ಲದ ನಿಷ್ಕಳಂಕತೆಯನ್ನು ಬರೆದಂತಾಗುತ್ತದೆ. ಮನುಷ್ಯರ ವಂಶಾವಳಿಗಳಲ್ಲಿಯೂ ಇಂತಹ ದುರಸ್ತಿಗಳು ನಡೆಯುವುದುಂಟು. ಅದು ಬೇರೆಯ ವಿಷಯ.

ಹಾಗಾದರೆ ದಾರಿಯೇನು? ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ, ಒಂದು ಲೆಕ್ಕದ ಪುಸ್ತಕ ಬೇಕು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಲಾರಿಗಳನ್ನು ರಿಪೇರಿಮಾಡುವ ಗ್ಯಾರೇಜುಗಳನ್ನು ಕಾಣಬಹುದು. ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಬಂದು ಅಂತಹ ಗ್ಯಾರೇಜಿನಲ್ಲಿ ಕೆಲಸ ಕಲಿತ ಮೇಸ್ತ್ರಿಯೊಬ್ಬನ ಕೈಗೆ ಇಂತಹ ಗಾಡಿಯೊಂದು ಬಂದಿತೆಂದು ಭಾವಿಸಬಹುದು. ಅವನಿಗೆ ನ್ಯಾಯದರ್ಶನವೂ ತಿಳಿಯದು, ಲಂಡನ್ನಿನ ತೀರ್ಪೂ ತಿಳಿಯದು. ಒಡೆದ ತೋಳನ್ನು ಬಿಚ್ಚುತ್ತಾನೆ. ಅಳತೆ ತೆಗೆದು ಒಳ್ಳೆಯ ಉಕ್ಕಿನಿಂದ ಹೊಸತನ್ನು ಮಾಡಿಸುತ್ತಾನೆ. ಅದರ ಮೇಲೆ ಹಳೆಯ ಮುದ್ರೆಯನ್ನು ಒತ್ತಿಸದೆ ಆ ವರ್ಷವನ್ನೇ ಒತ್ತಿಸುತ್ತಾನೆ. ಯಜಮಾನನು, 'ಹಳೆಯ ಸಂಖ್ಯೆಯನ್ನೇ ಹಾಕಿಬಿಡಪ್ಪ, ಯಾರಿಗೆ ಗೊತ್ತಾಗುತ್ತೆ?' ಎಂದು ಕೇಳದಿರುವುದಿಲ್ಲ. 'ನಾಳೆ ಇದನ್ನು ಬಿಚ್ಚುವವನಿಗೆ ಗೊತ್ತಾಗಬೇಕಲ್ಲ ಸ್ವಾಮಿ,' ಎಂದು ಮೇಸ್ತ್ರಿಯು ಹೇಳುತ್ತಾನೆ. ಒಡೆದ ತೋಳಿಗೆ ತಂತಿಯಲ್ಲಿ ಚೀಟಿ ಕಟ್ಟಿ, ದಿನಾಂಕವನ್ನು ಬರೆದು, ಗೋಡೆಯ ಮೊಳೆಗೆ ತೂಗುಹಾಕುತ್ತಾನೆ. ಸೀಮೆಸುಣ್ಣದ ಮೇಲಿನ ಎಣ್ಣೆಯ ಗೆರೆಯು ಅದರ ಮೇಲೆ ಇನ್ನೂ ಹಾಗೆಯೇ ಇರುತ್ತದೆ.