ಬಿಸಿಲಿನಲ್ಲಿ ಇನ್ನೊಂದು ಬೆಳಕು
ಹಾಡುಹಗಲಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಭಾವಚಿತ್ರ ನಿಜವೇ ಎಂಬುದು ಜ್ಞಾನಮೀಮಾಂಸೆಯ ಪ್ರಶ್ನೆಯೂ ಹೌದು. ಅಂಕೋಲಾ ತಾಲ್ಲೂಕಿನ ಅವರ್ಸಾ ಕಡಲತೀರದಲ್ಲಿ ಸೂರ್ಯ ನೆತ್ತಿಗೇರಿದಾಗ ಕ್ಯಾಮೆರಾ ಹಿಡಿದರೆ ಮರಳು ಬೆಳ್ಳಗೆ ಬಣ್ಣಗೆಡುತ್ತದೆ, ಕಣ್ಣುಗುಳಿ ಕಪ್ಪಾಗುತ್ತದೆ. ಈ ಸೀಮೆಯ ಹಾಲಕ್ಕಿ ಸಮುದಾಯದ ಅಜ್ಜಿಯ ಮಣಿಸರಗಳು ಹೊಳೆದರೂ ಅವಳ ನೋಟ ಸಿಗದು. ಎದುರು ನಿಂತವರಿಗೆ ಮಾತ್ರ ಎರಡೂ ಕಾಣುತ್ತವೆ. ಕಣ್ಣು ಹಿಡಿಯುವ ಬೆಳಕು-ನೆರಳಿನ ಹರವು ಕ್ಯಾಮೆರಾದ್ದಕ್ಕಿಂತ ದೊಡ್ಡದು.

ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕಿಟ್ಟ ಫ್ಲ್ಯಾಶ್ ಈ ಕೊರತೆ ತುಂಬುತ್ತದೆ. ಐಎಸ್‌ಒ 100, ಎಫ್/16 ಇದ್ದರೆ ಬಿಸಿಲಿಗೆ ಸುಮಾರು 1/100 ಸೆಕೆಂಡ್ ಸಾಕು. ಹಿನ್ನೆಲೆ ಮಸುಕಾಗಲೆಂದು ಅಪರ್ಚರ್ ಹಿಗ್ಗಿಸಿದರೆ ಶಟರ್ ವೇಗ ಏರಬೇಕು. ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಸುಮಾರು 1/250 ಸೆಕೆಂಡಿಗಿಂತ ವೇಗದ ಶಟರಿಗೆ ಹೊಂದದು. ಹೈಸ್ಪೀಡ್ ಸಿಂಕ್ ಎಂಬ ವಿಧಾನ ಆ ಮಿತಿ ದಾಟಿಸುತ್ತದೆ, ಬೆಳಕಿನ ಬಲವನ್ನು ಕುಗ್ಗಿಸಿಯೇ. ದೂರ ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕಿಳಿಯುವುದರಿಂದ ದೀಪ ಮುಖದ ಹತ್ತಿರವೇ ಇರಬೇಕು.

ಇನ್ನು ಇಂಥ ಚಿತ್ರ ನಿಜವೇ ಎಂಬ ಪ್ರಶ್ನೆ. ನ್ಯಾಯದರ್ಶನದಲ್ಲಿ ಕಣ್ಣಿನ ಪ್ರತ್ಯಕ್ಷಕ್ಕೆ ಬೆಳಕು ಸಹಕಾರಿ ಕಾರಣ: ದೀಪ ಗಡಿಗೆಯನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ. ನೆರಳು ತಿಳಿಯಾಗಿಸುವ ಫ್ಲ್ಯಾಶಿಗೂ ಈ ವಾದ ಸಲ್ಲುತ್ತದೆ. ಆದರೆ ಫ್ಲ್ಯಾಶ್ ಸೂರ್ಯನನ್ನೇ ಮೀರಿ, ನಡುಹಗಲಿನ ಆಕಾಶ ಮುಸ್ಸಂಜೆಯಂತೆ ಕಪ್ಪಿಟ್ಟರೆ, ಅದು ಅದ್ವೈತಿಗಳು ಅಧ್ಯಾಸವೆನ್ನುವುದಕ್ಕೆ, ಅಂದರೆ ಒಂದರ ಮೇಲೆ ಅದಲ್ಲದ್ದನ್ನು ಆರೋಪಿಸುವುದಕ್ಕೆ, ಹತ್ತಿರ. ಕಲೆಗೆ ಅದು ಒಪ್ಪಿತ. ದಾಖಲೆಯೆಂದು ಕೊಡುವ ಚಿತ್ರಕ್ಕೆ ಸಲ್ಲದು.