ಬೆಂಕಿಗೆ ಬೀಗ ಬೇಕಿಲ್ಲ

ಬೆಂಕಿ ತಡೆಯುವ ತಿಜೋರಿಯಲ್ಲಿ ಕಾಗದಗಳನ್ನು ಕಾಯುವುದು ಉಕ್ಕಲ್ಲ, ನೀರು. ಎರಡು ತೆಳು ತಗಡುಗಳ ನಡುವೆ ಜಿಪ್ಸಮ್ಮೋ ಕಾಂಕ್ರೀಟಿನ ಜಾತಿಯ ಗಾರೆಯೋ ತುಂಬಿರುತ್ತದೆ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರೇ. ಹೊರಗೆ ಮನೆ ಹೊತ್ತಿ ಉರಿಯುವಾಗ ಆ ನೀರು ಆವಿಯಾಗುತ್ತ ಶಾಖವನ್ನು ತಾನೇ ಹೀರಿಕೊಳ್ಳುತ್ತದೆ. ಕಾಗದಕ್ಕೆಂದು ಪರೀಕ್ಷೆ ಮಾಡಿದ ತಿಜೋರಿಯೊಳಗೆ ನಿಗದಿತ ಹೊತ್ತಿನವರೆಗೆ, ಅರ್ಧ ಗಂಟೆಯೋ ಒಂದು ಗಂಟೆಯೋ, ಶಾಖ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಅಳತೆ. ಕಾಗದ ಕರಕಲಾಗಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. (ಪೆನ್‌ಡ್ರೈವಿಗೆ ಈ ಲೆಕ್ಕ ನಡೆಯುವುದಿಲ್ಲ. ಅಂಥವಕ್ಕೆ ಇಟ್ಟಿರುವ ಮಿತಿ ಸುಮಾರು 52 ಡಿಗ್ರಿ. ಮದುವೆಯ ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಕಾಗದದ ತಿಜೋರಿಯಲ್ಲಿಟ್ಟು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.)

ಈ ವಿವರಣೆಯಲ್ಲಿ ಬೀಗದ ಮಾತೇ ಬರಲಿಲ್ಲ. ಬೆಂಕಿಗೆ ಪಾಸ್‌ವರ್ಡ್ ಗೊತ್ತಿರಲಿ, ಇಲ್ಲದಿರಲಿ, ವ್ಯತ್ಯಾಸವಿಲ್ಲ. ಬೆಂಕಿಯನ್ನು ತಡೆಯಲು ದಪ್ಪ ಗೋಡೆ, ಬಿಗಿಯಾದ ಬಾಗಿಲು, ಅದನ್ನು ಹಿಡಿದಿಡುವ ಒಂದು ಚಿಲಕ ಸಾಕು. ನಂಬರಿನ ಫಲಕ, ಮೋಟಾರು, ಮೂರು ಸಲ ತಪ್ಪಿದರೆ ಕಿರುಚುವ ಅಲಾರಂ, ಇವೆಲ್ಲ ಮನುಷ್ಯರಿಗಾಗಿ ಇರುವಂಥವು. ಯಾವ ಮನುಷ್ಯರಿಗಾಗಿ ಎಂಬುದೇ ನನ್ನ ಪ್ರಶ್ನೆ. ಕ್ರಯಪತ್ರ, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ವಿಮೆಯ ಬಾಂಡುಗಳನ್ನು ಕಳ್ಳ ಎಲ್ಲಿಗೆ ಒಯ್ದು ಮಾರಿಯಾನು? ಅವು ಬೇಕಾಗುವುದು ಮನೆಯವರಿಗೆ ಮಾತ್ರ. ಹಾಗಾದರೆ ಬೀಗ ಯಾರ ಮುಖಕ್ಕೆ?

ದಾವಣಗೆರೆಯ ನನ್ನ ಸೋದರತ್ತೆಯ ಮನೆಯಲ್ಲಿ ಇಂಥದ್ದೊಂದು ತಿಜೋರಿ ಹನ್ನೊಂದು ವರ್ಷದಿಂದ ಇತ್ತು. ಮಲಗುವ ಕೋಣೆಯ ಗೋಡೆಯಲ್ಲಿ, ಅತ್ತೆ ತಲೆಯಿಡುವ ಜಾಗದಿಂದ ಒಂದು ಮೊಳ ದೂರದಲ್ಲಿ. ಅದರ ನಂಬರು ಗೊತ್ತಿದ್ದದ್ದು ಮಾವನಿಗೊಬ್ಬರಿಗೆ. ಕಳೆದ ವರ್ಷ ಅವರು ಕೆಲಸದ ಮೇಲೆ ಮುಂಬೈಯಲ್ಲಿದ್ದಾಗ ಕಿರಿಯ ಮಗಳ ಕಾಲೇಜು ಸೀಟಿಗೆ ಮೂಲ ದಾಖಲೆಗಳನ್ನು ಮರುದಿನವೇ ತೋರಿಸಬೇಕಾಗಿ ಬಂತು. ಮಾವ ಫೋನಿನಲ್ಲಿ ಆರು ಅಂಕಿ ಹೇಳಿದರು. ಅತ್ತೆ ಅಂಗೈ ಮೇಲೆ ಬರೆದುಕೊಂಡರು. "ಬಂದಮೇಲೆ ಅದನ್ನು ಬದಲಾಯಿಸ್ತೀನಿ ಬಿಡು" ಎಂದು ಮಾವ ಸೇರಿಸಿದರು. ಅವರಿಗೆ ಅದು ಅತ್ಯಂತ ಸಹಜವಾದ ಮಾತು. ಬ್ಯಾಂಕಿನವರು ಹೇಳುವಂತೆ ಹೇಳಿದರು. ಅತ್ತೆ ಅಂಗೈಯನ್ನೇ ನೋಡುತ್ತ ನಿಂತಿದ್ದರು.

ನಂಬರು ಸರಿಯಾಗಿತ್ತು. ಹಸಿರು ದೀಪ ಹತ್ತಿತು, ಒಳಗೆ ಮೋಟಾರು ಗುಂಯ್ ಎಂದಿತು, ಹಿಡಿಕೆ ಮಾತ್ರ ಅಲುಗಲಿಲ್ಲ. ಹೊಸ ಬ್ಯಾಟರಿ ಹಾಕಿದ್ದಾಯಿತು. ಇಂಥ ತಿಜೋರಿಗಳು ಕಚ್ಚಿಕೊಳ್ಳಲು ಸಾಮಾನ್ಯ ಕಾರಣ ಒಳಗೆ ಮಿತಿಮೀರಿ ತುಂಬಿರುವುದು. ಒಳಗಿನ ಫೈಲುಗಳು ಬಾಗಿಲನ್ನು ಹೊರಕ್ಕೆ ಒತ್ತುತ್ತವೆ, ಆ ಭಾರವೆಲ್ಲ ಚಿಲಕದ ಸರಳುಗಳ ಮೇಲೆ ಬಿದ್ದು ಅವು ಹಿಂದೆ ಸರಿಯುವುದಿಲ್ಲ. ಆಗ ಬಾಗಿಲನ್ನು ಭುಜದಿಂದ ಒಳಕ್ಕೆ ನೂಕುತ್ತ ಹಿಡಿಕೆ ತಿರುಗಿಸಬೇಕು. ಅದನ್ನೂ ಮಾಡಿದೆವು. ತುರ್ತಿಗೆಂದು ಕೊಡುವ ಕೀಲಿ ಎಲ್ಲಿದೆ ಎಂದು ಮಾವನನ್ನು ಕೇಳಿದರೆ, "ಒಳಗೇ ಜೋಪಾನವಾಗಿ ಇಟ್ಟಿದ್ದೀನಿ" ಎಂದರು.

ಸಂಜೆ ಕೀಲಿ ರಿಪೇರಿಯವರು ಬಂದರು. ಚೀಲ ಕೆಳಗಿಟ್ಟು ಅವರು ಮೊದಲು ಕೇಳಿದ್ದು ತಿಜೋರಿಯ ಬಗ್ಗೆ ಅಲ್ಲ. "ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾರ, ಇದು ನಿಮ್ಮದೇ ಅಂತ ನನಗೆ ಹೆಂಗ್ ಗೊತ್ತಾಗ್ಬೇಕು?" ಮನೆಯ ಯಜಮಾನರಿಲ್ಲ, ಮನೆ ಮಾವನ ಹೆಸರಿನಲ್ಲಿದೆ, ತಿಜೋರಿಯ ಬಿಲ್ಲು ತಿಜೋರಿಯೊಳಗಿದೆ. ಕೊನೆಗೆ ಎದುರು ಮನೆಯ ನಿವೃತ್ತ ಟೀಚರಮ್ಮ ಬಂದು, "ಇವರು ಇಲ್ಲಿಗೆ ಬಂದಾಗಿನಿಂದ ನೋಡೇನಿ, ಒಡೀರಿ" ಎಂದ ಮೇಲೆ ಅವರು ಡ್ರಿಲ್ಲು ಕೈಗೆತ್ತಿಕೊಂಡರು.

ಬೀಗದ ಕಸುಬಿನಲ್ಲಿ ಈ ಸಂಶಯ ಹಳೆಯದು. 1818ರಲ್ಲಿ ಇಂಗ್ಲೆಂಡಿನ ಜೆರೆಮಾಯಾ ಚಬ್ ಮಾಡಿದ ಬೀಗವನ್ನು ಯಾರಾದರೂ ಕಳ್ಳಗೀಲಿಯಿಂದ ತೆರೆಯಲು ಹೋದರೆ ಅದು ಬೇಕೆಂದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಮೇಲೆ ಬಂದ ಒಡೆಯನಿಗೆ ಯಾರೋ ಕೈಹಾಕಿದ್ದಾರೆಂದು ಅದರಿಂದಲೇ ತಿಳಿಯುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದ ವೇಳೆ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಚಬ್ ಬೀಗವನ್ನೂ ತೆರೆದ, ದಶಕಗಳಿಂದ ಸವಾಲಾಗಿ ಉಳಿದಿದ್ದ ಬ್ರಾಮಾ ಬೀಗವನ್ನೂ ತೆರೆದ. ಎರಡನೆಯದಕ್ಕೆ ಅವನಿಗೆ 16 ದಿನಗಳಲ್ಲಿ ಹರಡಿಕೊಂಡ 51 ಗಂಟೆ ಹಿಡಿಯಿತು. ಇಂಥ ವಿದ್ಯೆಯನ್ನು ಬಹಿರಂಗಪಡಿಸಬಹುದೇ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಬೀಗ ಎಷ್ಟೇ ಜಾಣವಾಗಲಿ, ಅದಕ್ಕೆ ಗೊತ್ತಾಗುವುದು ತಾಳೆಯಾಗುವ ಕೀಲಿ ಮಾತ್ರ, ಕೀಲಿ ಹಿಡಿದ ಮನುಷ್ಯರಲ್ಲ. ಅದು ಕೆಟ್ಟು ನಿಂತ ದಿನ ಒಡೆತಿಯೂ ಕಳ್ಳನ ಹಾಗೆ ಮನೆಗೋಡೆ ಕೊರೆಸಬೇಕು. ಆ ದಿನ ಅವಳು ಕಳ್ಳಿಯಲ್ಲ ಎಂದು ಸಾಬೀತು ಮಾಡುವುದು ಬಿಲ್ಲೂ ಅಲ್ಲ, ಆಧಾರ್ ಕಾರ್ಡೂ ಅಲ್ಲ, ಎದುರು ಮನೆಯವರ ಒಂದು ಮಾತು. ಯಾರನ್ನೂ ನಂಬುವ ಗೊಡವೆಯೇ ಬೇಡವೆಂದು ಕಟ್ಟಿಕೊಂಡ ವ್ಯವಸ್ಥೆ ಕೊನೆಗೆ ಬಂದು ನಿಂತದ್ದು ಆ ನಂಬಿಕೆಯ ಮೇಲೆಯೇ.

ನಮ್ಮ ಅಜ್ಜಿಯರ ಸೊಂಟದಲ್ಲಿ ಕೀಲಿಗೊಂಚಲು ಇರುತ್ತಿತ್ತು. ಅದನ್ನು ವೈಭವೀಕರಿಸುವ ಅಗತ್ಯವಿಲ್ಲ. ಸೊಸೆಯಂದಿರನ್ನು ಆ ಗೊಂಚಲು ಎಷ್ಟು ಆಳಿತು ಎನ್ನುವುದಕ್ಕೆ ನಮ್ಮ ಕಾದಂಬರಿಗಳೇ ಸಾಕ್ಷಿ. ಆದರೂ ಕೀಲಿ ಕಣ್ಣಿಗೆ ಕಾಣುವ ವಸ್ತು. ಅದು ಯಾರ ಬಳಿ ಇದೆ ಎಂದು ಮನೆಗೆಲ್ಲ ಗೊತ್ತು, ಒಂದು ದಿನ ಅದು ಕೈ ದಾಟುತ್ತದೆ ಎಂಬುದೂ ಗೊತ್ತು. ಕೊಡದಿದ್ದರೆ ಜಗಳವಾದರೂ ಆಡಬಹುದಿತ್ತು. ನಂಬರು ಹಾಗಲ್ಲ. ಅದು ಒಬ್ಬರ ತಲೆಯೊಳಗಿರುತ್ತದೆ. ಕೊಟ್ಟ ಮೇಲೂ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಸೊಂಟದಿಂದ ಕೀಲಿ ಕಿತ್ತುಕೊಂಡಿದ್ದರೆ ಅತ್ತೆಗೆ ಅವಮಾನ ಎಂದು ನಾಲ್ಕು ಜನ ಅನ್ನುತ್ತಿದ್ದರು. ನಂಬರು ಬದಲಾಯಿಸಿದರೆ ಅದಕ್ಕೆ ಸೆಕ್ಯುರಿಟಿ ಎಂಬ ಹೆಸರಿದೆ.

ಹಾಗಾದರೆ ಬೀಗವೇ ಬೇಡ ಎನ್ನಲೇ? ಹಾಗೆ ಬರೆದು ಮುಗಿಸುವುದು ಸುಲಭವಿತ್ತು. ಬೇಳೆ ಡಬ್ಬಿಯಲ್ಲಿ ಅಡುಗೆಮನೆಯವರು ಇಡುತ್ತಿದ್ದ ನೋಟುಗಳ ನೆನಪು ತಂದು, ಎಲ್ಲರಿಗೂ ಗೊತ್ತಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ, ಬೀಗವಿದ್ದಲ್ಲಿ ಪ್ರಾಮಾಣಿಕತೆಗೆ ಕೆಲಸವೇ ಇಲ್ಲ ಎಂದು ವಾದಿಸಬಹುದಿತ್ತು. ಈ ವಾದವನ್ನು ನಾನೇ ಒಮ್ಮೆ ವಿಭಾಗದ ಕ್ಯಾಂಟೀನಿನಲ್ಲಿ ಮಂಡಿಸಿದಾಗ ಗೆಳತಿಯೊಬ್ಬಳು, ಅವಳ ತಾಯಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡಿದವರು, ಹೇಳಿದ್ದು ಇಷ್ಟು: ಬೀಗ ಹಾಕದ ಮನೆಗೆ ಹೋಗಲು ಅವ್ವನಿಗೆ ಭಯವಾಗುತ್ತಿತ್ತು. ಬೇಳೆ ಡಬ್ಬಿಯ ನೋಟು ಎಣಿಕೆ ತಪ್ಪಿದ ದಿನ ಮನೆಯವರು ಮೊದಲು ನೋಡುವುದು ಯಾರ ಮುಖವನ್ನು? ಬೀಗ ಹಾಕಿದ್ದರೆ ಅವ್ವನ ಮೇಲೆ ಬರುವ ಮಾತು ಅಷ್ಟರಮಟ್ಟಿಗೆ ಕಡಿಮೆ.

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ, ಆದರೆ ಒಂದು ಭೇದ ಕಾಣುತ್ತದೆ. ಅನುಮಾನ ಹಂಚಿಕೆಯಾಗುವಾಗ ಹೆಚ್ಚು ಪಾಲು ಯಾರ ತಟ್ಟೆಗೆ ಬೀಳುತ್ತದೋ ಅವರಿಗೆ ಬೀಗ ಒಂದು ಆಸರೆ. ಮನೆಯ ಲೆಕ್ಕದಲ್ಲಿ ಸಮಪಾಲು ಇರಬೇಕಾದವರ ನಡುವೆ ಅದೇ ಬೀಗ ಬೇರೆ ಕೆಲಸ ಮಾಡುತ್ತದೆ. ಚಿನ್ನಕ್ಕೆ, ನಗದಿಗೆ ಬೀಗ ಹಾಕಿ. ಮಗಳ ಮಾರ್ಕ್ಸ್ ಕಾರ್ಡಿಗೆ ಹಾಕಿದ ಬೀಗದಿಂದ ಯಾವ ಕೆಲಸದವರಿಗೂ ರಕ್ಷಣೆ ಸಿಗಲಿಲ್ಲ, ಯಾವ ಕಳ್ಳನಿಗೂ ನಷ್ಟವಾಗಲಿಲ್ಲ. ಅದು ಹನ್ನೊಂದು ವರ್ಷ ದೂರವಿಟ್ಟದ್ದು ಅತ್ತೆಯನ್ನು ಮಾತ್ರ.

ಡ್ರಿಲ್ಲು ಬಾಗಿಲನ್ನು ಕೊರೆಯುವಾಗ ಬಿಳಿ ಪುಡಿ ಹಾಸಿಗೆಯ ಮೇಲೆಲ್ಲ ಉದುರಿತು. ಎರಡು ಗಂಟೆ ಹಿಡಿಯಿತು. ಒಳಗಿನ ಕಾಗದಗಳಿಗೆ ಮುಗ್ಗಲು ವಾಸನೆ. ಬೆಂಕಿಯಿಂದ ಉಳಿಸಬೇಕಾದ ಗಾರೆಯ ತೇವವೇ ಅವನ್ನು ನಿಧಾನವಾಗಿ ತಿನ್ನುತ್ತಿತ್ತು. ಎರಡು ಮಾರ್ಕ್ಸ್ ಕಾರ್ಡು ಒಂದಕ್ಕೊಂದು ಅಂಟಿದ್ದವು, ಹುಷಾರಾಗಿ ಬಿಡಿಸಿದೆವು. ಅತ್ತೆ ಒಂದೊಂದೇ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಕೆಲವನ್ನು ಅವರು ಮೊದಲ ಸಲ ನೋಡುತ್ತಿದ್ದರು. ಮನೆಗೆಲಸದ ಅಕ್ಕ ಸಂಜೆಯ ಪಾತ್ರೆಗೆಂದು ಬಂದವರು ತೆರೆದ ತಿಜೋರಿ ಕಂಡು ಹಿತ್ತಲ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದು ಅತ್ತೆ ಎರಡು ಸಲ ಕರೆದರು. "ಎಲ್ಲ ಎಣಿಸಿ ಒಳಗಿಟ್ಟುಬಿಡ್ರಿ ಅಮ್ಮ, ಆಮೇಲೆ ಬರ್ತೀನಿ" ಎಂದರು.